ಚಿಕಿತ್ಸೆ ಉಚಿತ, ಉಳಿದ ಖರ್ಚು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಆದರೆ ರಾಯಚೂರು ಕಡೆಯ ಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೆಂಡತಿಯೊಂದಿಗೆ ಬರುವ ಕೂಲಿಕಾರನ ಲೆಕ್ಕವೇ ಬೇರೆ. ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುತ್ತದೆ. ಅಷ್ಟೂ ದಿನ ಗಂಡ ಹೆಂಡತಿ ಇಬ್ಬರ ಕೂಲಿಯೂ ಖೋತಾ. ಊಟ, ತಂಗುವ ಜಾಗ, ಊರಲ್ಲಿ ಬಿಟ್ಟುಬಂದ ಮಕ್ಕಳ ಚಿಂತೆ ಬೇರೆ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಯಿಂದ ಹೆಂಡತಿಯ ಬಸ್ ಟಿಕೆಟ್ ಉಳಿಯುತ್ತದೆ, ಅಷ್ಟರಮಟ್ಟಿಗೆ ಪುಣ್ಯ. ಕೈಸಾಲವೂ ಹುಟ್ಟದಿದ್ದರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಇಂಥ ರೋಗಿಗಳು ಬರುವ ಹಿಂದುಳಿದ ತಾಲ್ಲೂಕುಗಳು ಯಾವುವೆಂದು ಪ್ರಾದೇಶಿಕ ಅಸಮತೋಲನದ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲೇ ಪಟ್ಟಿ ಕೊಟ್ಟಿದೆ. ಅಲ್ಲಿಗೆ ತಜ್ಞ ವೈದ್ಯರು ತಲುಪುವವರೆಗೆ ಸರ್ಕಾರ ರೋಗಿಗೂ ಜೊತೆಗಾರರಿಗೂ ದಿನಭತ್ಯೆ ಕೊಡಲಿ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿಯನ್ನು ನೇರ ಖಾತೆಗೆ ಹಾಕುವ ವ್ಯವಸ್ಥೆ ಈಗಾಗಲೇ ಇದೆಯಲ್ಲ.