ಲಿಂಕ್ ಒತ್ತಿದವರಷ್ಟೇ ದೇಶವಲ್ಲ



‘ದೇಶದ ಇಷ್ಟು ಜನ ಹೀಗೆನ್ನುತ್ತಾರೆ’ ಎಂಬ ತಲೆಬರಹ ಪತ್ರಿಕೆಗಳಲ್ಲೂ ಟಿವಿಯಲ್ಲೂ ಮಾಮೂಲಾಗಿದೆ. ಸುದ್ದಿಯನ್ನು ಕೊನೆಯವರೆಗೆ ಓದಿದರೆ ಅದು ಆನ್‌ಲೈನ್ ಸಮೀಕ್ಷೆ ಎಂದು ತಿಳಿಯುತ್ತದೆ. ಫೋನಿಗೆ ಬಂದ ಲಿಂಕ್ ಒತ್ತಿ ಉತ್ತರ ತುಂಬಿದವರ ಲೆಕ್ಕ ಅದು. ಎಷ್ಟು ಸಾವಿರ ಜನ ಉತ್ತರಿಸಿದರು ಎಂಬುದು ದಪ್ಪಕ್ಷರದಲ್ಲಿರುತ್ತದೆ. ಯಾರು ಉತ್ತರಿಸಲಿಲ್ಲ, ಯಾರನ್ನು ಕೇಳಲೇ ಇಲ್ಲ ಎಂಬುದು ಎಲ್ಲೂ ಇರುವುದಿಲ್ಲ. ತಮಿಳುನಾಡು–ಕರ್ನಾಟಕ ಗಡಿಯ ತಳಿಯಂಥ ಊರಿನವರಿಗೆ, ಯಾರನ್ನು ಕೇಳಲಿಲ್ಲ ಎಂಬ ಪ್ರಶ್ನೆಯೇ ಮುಖ್ಯ.

ಕೃಷ್ಣಗಿರಿ ಜಿಲ್ಲೆಯ ಈ ಭಾಗದಲ್ಲಿ ಗುಲಾಬಿ ಬೆಳೆ ಜಾಸ್ತಿ. ಪಾಲಿಹೌಸಿನ ಕೆಲಸಕ್ಕೆ ಹೋಗುವ ಹೆಂಗಸರು ಬಿಸಿಲೇರುವ ಮುಂಚೆ ಹೂ ಕತ್ತರಿಸಿ, ಕಡ್ಡಿಯ ಉದ್ದ ನೋಡಿ ವಿಂಗಡಿಸಿ, 20ರ ಕಟ್ಟು ಕಟ್ಟಿ ರಟ್ಟಿನ ಡಬ್ಬಿಗೆ ತುಂಬುತ್ತಾರೆ. ಅವರಲ್ಲಿ ಎಷ್ಟೋ ಜನ ಮನೆಯಲ್ಲಿ ಆಡುವುದು ಕನ್ನಡ, ಸಂತೆಗೆ ಹೋದರೆ ತೆಲುಗೂ ಬರುತ್ತದೆ, ಶಾಲೆ ಓದಿದ್ದರೆ ಅದು ತಮಿಳಿನಲ್ಲಿ. ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೆ ಅದು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಶಿಫ್ಟ್ ಮೇಲೆ ಹೋಗುವ ಮಗನ ಜೇಬಿನಲ್ಲಿರುತ್ತದೆ. ಸಮೀಕ್ಷೆಯ ಲಿಂಕ್ ಬರುವುದು ಅದೇ ಫೋನಿಗೆ. ತೆರೆದರೆ ಪ್ರಶ್ನೆಗಳು ಇಂಗ್ಲಿಷಿನಲ್ಲಿ, ತಮಿಳುನಾಡು ಎಂದು ಒತ್ತಿದರೆ ಹೆಚ್ಚೆಂದರೆ ತಮಿಳಿನಲ್ಲಿ. ಸಿಲಿಂಡರ್ ಬೆಲೆ, ಪಡಿತರ ಅಕ್ಕಿ, ಹೆಂಗಸರ ಉಚಿತ ಬಸ್ಸು ಇವುಗಳ ಬಗ್ಗೆ ತಾಯಿಯನ್ನು ಕೇಳಬೇಕಿದ್ದ ಪ್ರಶ್ನೆಗೆ ಮಗ ಉತ್ತರ ಒತ್ತುತ್ತಾನೆ. ಗಡಿಯಾಚೆಯ ಆನೇಕಲ್ಲಿನಲ್ಲಿ ಸಿಮ್ ಕೊಂಡವರಾದರೆ ತಳಿಯಲ್ಲೇ ಕೂತು ಉತ್ತರಿಸಿದರೂ ಕರ್ನಾಟಕದವರ ಲೆಕ್ಕಕ್ಕೆ ಸೇರಬಹುದು. ಇನ್ನು ಬೆಟ್ಟಮುಗಿಲಾಳ, ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸಿಗ್ನಲ್ಲಿನ ಕಷ್ಟವೇ ಬೇರೆ.

ಇದು ಒಂದು ಮೂಲೆಯ ಗೋಳಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ‘ಎಂದಾದರೂ ಇಂಟರ್ನೆಟ್ ಬಳಸಿದ್ದೀರಾ’ ಎಂದು ಕೇಳಿತ್ತು. ದೇಶದಲ್ಲಿ ಹೌದು ಎಂದ ಗಂಡಸರು ಶೇ 57.1, ಹೆಂಗಸರು ಶೇ 33.3. ಹಳ್ಳಿಯ ಹೆಂಗಸರಲ್ಲಿ ಶೇ 24.6 ಮಾತ್ರ. ತಮಿಳುನಾಡಿನಲ್ಲಿ ಗಂಡಸರು ಶೇ 70.2, ಹೆಂಗಸರು ಶೇ 46.9, ಕರ್ನಾಟಕದಲ್ಲಿ ಶೇ 62.4 ಮತ್ತು ಶೇ 35. ಆಮೇಲೆ ಫೋನುಗಳು ಹೆಚ್ಚಿವೆ, ನಿಜ. ಆದರೆ ಒಮ್ಮೆ ವಿಡಿಯೊ ನೋಡಿದವರೆಲ್ಲ ಇಪ್ಪತ್ತು ಪ್ರಶ್ನೆಯ ನಮೂನೆ ತುಂಬುವವರಲ್ಲ. ಈ ಅಂಕಿಗಳು ಸಿಕ್ಕಿದ್ದೂ ಆನ್‌ಲೈನಿನಲ್ಲಲ್ಲ, ಸಮೀಕ್ಷಕರು ಮನೆಮನೆಗೆ ಹೋಗಿ ಎದುರು ಕೂತು ಕೇಳಿದ್ದರಿಂದ.

‘ಲಕ್ಷಗಟ್ಟಲೆ ಜನ ಉತ್ತರಿಸಿದ್ದಾರಲ್ಲ, ಇನ್ನೇನು ಬೇಕು’ ಎನ್ನುವವರಿದ್ದಾರೆ. ಈ ನಂಬಿಕೆ ಬಿದ್ದುಹೋಗಿ ತೊಂಬತ್ತು ವರ್ಷವಾಗುತ್ತ ಬಂತು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 23 ಲಕ್ಷ ಚೀಟಿ ವಾಪಸು ಬಂದವು. ಅಧ್ಯಕ್ಷ ರೂಸ್‌ವೆಲ್ಟ್ ವಿರುದ್ಧ ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ವಿಳಾಸಗಳನ್ನು ಆರಿಸಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಎಂಥವರೆಂದು ಹೇಳಬೇಕಿಲ್ಲ. ಚೀಟಿ ಮರಳಿಸುವ ಉಮೇದು ಇದ್ದದ್ದೂ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರಿಗೇ ಹೆಚ್ಚು. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದ್ದರು.

ಅದು ಹಳೆಯ ಮಾತಾಯಿತೆಂದರೆ 2021ಕ್ಕೆ ಬರೋಣ. ಕೋವಿಡ್ ಲಸಿಕೆ ಎಷ್ಟು ಜನರಿಗೆ ಸಿಕ್ಕಿದೆ ಎಂದು ತಿಳಿಯಲು ಅಮೆರಿಕದಲ್ಲಿ ಫೇಸ್‌ಬುಕ್ ಮೂಲಕ ಒಂದು ಭಾರಿ ಸಮೀಕ್ಷೆ ನಡೆಯುತ್ತಿತ್ತು. ವಾರಕ್ಕೆ ಸುಮಾರು 2.5 ಲಕ್ಷ ಉತ್ತರ. ಆ ವರ್ಷದ ಮೇ ತಿಂಗಳಲ್ಲಿ ಅದು ಹೇಳಿದ ಅಂಕಿ ನಿಜವಾದ ಅಂಕಿಗಿಂತ ಶೇಕಡಾ 17 ಅಂಶ ಮೇಲಿತ್ತು. ಅದೇ ಹೊತ್ತಿಗೆ ಸುಮಾರು 1,000 ಜನರನ್ನಷ್ಟೇ ಕೇಳುತ್ತಿದ್ದ ಆ್ಯಕ್ಸಿಯೋಸ್–ಇಪ್ಸೋಸ್ ಸಮೀಕ್ಷೆ ಸತ್ಯಕ್ಕೆ ಹತ್ತಿರವಿತ್ತು. ಇದನ್ನು ‘ನೇಚರ್’ ಪತ್ರಿಕೆ 2021ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಆ ಚಿಕ್ಕ ಸಮೀಕ್ಷೆಯೂ ಆನ್‌ಲೈನೇ! ವ್ಯತ್ಯಾಸವೆಂದರೆ ಅದರ ಜನರು ತಾವಾಗಿ ಬಂದವರಲ್ಲ. ಮನೆ ವಿಳಾಸಗಳ ಪಟ್ಟಿಯಿಂದ ಲಾಟರಿಯ ಹಾಗೆ ಎತ್ತಿ ಸೇರಿಸಿಕೊಂಡವರು.

ಆದ್ದರಿಂದ ತಕರಾರು ಇಂಟರ್ನೆಟ್ಟಿನ ಮೇಲಲ್ಲ. ಉತ್ತರಿಸುವವರನ್ನು ಯಾರು ಆರಿಸಿದರು ಎಂಬುದರ ಮೇಲೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ತನ್ನ ದೇಶದಲ್ಲಿ ಹೆಚ್ಚಾಗಿ ಆನ್‌ಲೈನಿನಲ್ಲೇ ಸಮೀಕ್ಷೆ ಮಾಡುತ್ತದೆ, ಆದರೆ ವಿಳಾಸ ಆರಿಸಿ ಅಂಚೆ ಕಳಿಸಿ ಕರೆದವರಲ್ಲಿ. ಇಂಟರ್ನೆಟ್ ಇಲ್ಲದವರಿಗೆ ಟ್ಯಾಬ್ಲೆಟ್ಟನ್ನೂ ಸಂಪರ್ಕವನ್ನೂ ತಾನೇ ಕೊಟ್ಟಿದೆ. ಅದೇ ಸಂಸ್ಥೆ 2019–20ರಲ್ಲಿ ಭಾರತದಲ್ಲಿ ಧರ್ಮದ ಬಗ್ಗೆ ಕೇಳಬೇಕಾದಾಗ ಆನ್‌ಲೈನ್ ದಾರಿ ಹಿಡಿಯಲಿಲ್ಲ. 29,999 ಜನರನ್ನು 17 ಭಾಷೆಗಳಲ್ಲಿ ಮುಖಾಮುಖಿ ಕೇಳಿಸಿತು. ನಮ್ಮಲ್ಲಿ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಇದೇ ಮಾತನ್ನು ಎಂದೋ ತೋರಿಸಿಕೊಟ್ಟಿದ್ದರು. ಅವರ ಮುಂದಾಳತ್ವದಲ್ಲಿ 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಡಿಪಾಯವೇ ಊರು, ಮನೆಗಳನ್ನು ಚೀಟಿ ಎತ್ತಿದಂತೆ ಆರಿಸುವುದು.

‘ತೂಕ ಕೊಟ್ಟು ಸರಿಪಡಿಸುತ್ತೇವೆ’ ಎಂಬ ಸಮಜಾಯಿಷಿಯೂ ಇದೆ. ಹಳ್ಳಿಯ ಹೆಂಗಸರು ಕಡಿಮೆ ಸಿಕ್ಕಿದ್ದರೆ, ಸಿಕ್ಕ ಒಬ್ಬರ ಉತ್ತರವನ್ನು ಹತ್ತು ಜನರದೆಂದು ಎಣಿಸುವುದು. ವಯಸ್ಸು, ಊರು, ಗಂಡು–ಹೆಣ್ಣಿನ ಲೆಕ್ಕ ಇದರಿಂದ ಹೊಂದಬಹುದು. ಆದರೆ ಇಂಗ್ಲಿಷ್ ನಮೂನೆ ತುಂಬಬಲ್ಲ ಹಳ್ಳಿಯ ಹುಡುಗಿ ಹೆಚ್ಚಿನ ಪಾಲು ಕಾಲೇಜು ಮೆಟ್ಟಿಲು ಹತ್ತಿದವಳು, ಸ್ವಂತ ಫೋನುಳ್ಳವಳು. ಪಾಲಿಹೌಸಿನಲ್ಲಿ ಹೂ ಕತ್ತರಿಸುವ ಹತ್ತು ಹೆಂಗಸರ ಪರವಾಗಿ ಅವಳ ಉತ್ತರವನ್ನು ಹತ್ತರಿಂದ ಗುಣಿಸಿದರೆ, ತಪ್ಪೂ ಹತ್ತರಷ್ಟಾಗುತ್ತದೆ.

ಮನಸ್ಸಿಟ್ಟು ಉತ್ತರಿಸದವರ ಕಾಟ ಬೇರೆ. 2024ರಲ್ಲಿ ಪ್ಯೂ ಕೇಂದ್ರವೇ ವರದಿ ಮಾಡಿದ ಒಂದು ಪ್ರಯೋಗದಲ್ಲಿ, ತಾವಾಗಿ ಬಂದು ಆನ್‌ಲೈನ್ ಸಮೀಕ್ಷೆ ತುಂಬಿದ 30ರ ಒಳಗಿನ ಅಮೆರಿಕನ್ನರಲ್ಲಿ ಶೇ 12ರಷ್ಟು ಮಂದಿ ತಮಗೆ ಪರಮಾಣು ಜಲಾಂತರ್ಗಾಮಿ ನಡೆಸುವ ಲೈಸೆನ್ಸ್ ಇದೆ ಎಂದು ಒತ್ತಿದ್ದರು. ಇಂಥ ಕಡೆ ಹಣಕ್ಕೋ ಬಹುಮಾನದ ಪಾಯಿಂಟಿಗೋ ಬೇಗಬೇಗ ಒತ್ತಿ ಮುಗಿಸುವವರು ಸೇರಿಕೊಂಡಿರುತ್ತಾರೆ.

ಭಾರತದ ಉದಾಹರಣೆಗಳೂ ಇವೆ. 2007ರ ಜುಲೈ 7ರಂದು ತಾಜಮಹಲು ‘ಹೊಸ ಏಳು ಅದ್ಭುತ’ಗಳಲ್ಲಿ ಒಂದೆಂದು ಘೋಷಣೆಯಾದಾಗ, ಅದು ಇಂಟರ್ನೆಟ್ ಸಿಕ್ಕವರ ಅಭಿಪ್ರಾಯವೇ ಹೊರತು ಇಡೀ ಜಗತ್ತಿನದಲ್ಲ ಎಂಬ ನಿಲುವು ಯುನೆಸ್ಕೊದ್ದಾಗಿತ್ತು. 2016ರ ನವೆಂಬರಿನಲ್ಲಿ ನೋಟು ರದ್ದಾದ ಎರಡು ವಾರಕ್ಕೆ ಪ್ರಧಾನಿಯವರ ಆ್ಯಪ್‌ನಲ್ಲಿ 5 ಲಕ್ಷ ಮಂದಿ ಉತ್ತರಿಸಿ, ಶೇ 90ಕ್ಕೂ ಹೆಚ್ಚು ಮಂದಿ ಬೆಂಬಲಿಸಿದ್ದಾರೆಂದು ಪ್ರಚಾರವಾಯಿತು. ಜನ ನಿಜಕ್ಕೂ ಬೆಂಬಲಿಸಿದ್ದರೋ ಇಲ್ಲವೋ ಎಂಬುದು ಬೇರೆ ಚರ್ಚೆ. ಆ ಆ್ಯಪ್ ಇಳಿಸಿಕೊಂಡವರ ಉತ್ತರದಿಂದ ಅದು ತಿಳಿಯಲು ಸಾಧ್ಯವಿರಲಿಲ್ಲ. 2020ರಲ್ಲಿ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡಿಗೆ ಸಾರ್ವಜನಿಕರ ಆಕ್ಷೇಪ ಕೇಳಿದಾಗ, ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಬೇಕಾಯಿತು. ಓದಲಾಗದ ಭಾಷೆಯಲ್ಲಿ ಕೇಳಿ ಪಡೆದ ಅಭಿಪ್ರಾಯ ಯಾರದು?

ಫೋನ್ ಇದ್ದ ಮಾತ್ರಕ್ಕೆ ಜನ ಉತ್ತರಿಸುತ್ತಾರೆಂದೂ ಅಲ್ಲ. 2025ರ ಸೆಪ್ಟೆಂಬರ್ 22ರಂದು ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗ ಶುರುಮಾಡಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಆನ್‌ಲೈನಿನಲ್ಲಿ ತಾವೇ ತುಂಬುವ ಅವಕಾಶವಿತ್ತು. ಆದರೂ ಫೋನು, ಇಂಟರ್ನೆಟ್ಟಿಗೆ ಕೊರತೆಯಿಲ್ಲದ ಬೆಂಗಳೂರೇ ಬೇರೆ ಜಿಲ್ಲೆಗಳಿಗಿಂತ ಹಿಂದೆ ಬಿತ್ತು. ಉಳಿದೆಡೆ ಲೆಕ್ಕ ಮುಂದೆ ಸಾಗಿದ್ದು ಸರ್ವರ್ ಕೈಕೊಟ್ಟರೂ ಮನೆಮನೆ ಹತ್ತಿ ಇಳಿದ ಶಾಲಾ ಶಿಕ್ಷಕರ ಕಾಲಿನಿಂದ.

ಈಗ 2027ರ ಜನಗಣತಿ. ಮೊದಲ ಬಾರಿಗೆ ಪೂರ್ತಿ ಡಿಜಿಟಲ್. ಪೋರ್ಟಲಿನಲ್ಲಿ ತಾವೇ ವಿವರ ತುಂಬಲೂ ಅವಕಾಶವಿದೆ. ಜನಗಣತಿ ಮಾದರಿ ಸಮೀಕ್ಷೆಯಲ್ಲ, ಗಣತಿದಾರರು ಬಂದೇ ಬರುತ್ತಾರೆ. ಆದರೂ ಪೋರ್ಟಲಿನ ಭರವಸೆಯಲ್ಲಿ ಮನೆ ಬಾಗಿಲಿನ ಕೆಲಸ ತೆಳುವಾಗಬಾರದು. 2011ರ ಗಣತಿಯಲ್ಲಿ ತಮಿಳುನಾಡಿನ 12.86 ಲಕ್ಷ ಜನರ ತಾಯ್ನುಡಿ ಕನ್ನಡವೆಂದು ದಾಖಲಾಗಿದ್ದು ಮನೆಗೆ ಬಂದು ಬಾಯಿಬಿಟ್ಟು ಕೇಳಿದ್ದರಿಂದ. ಒಂದು ಜಿಲ್ಲೆಯಲ್ಲೋ ತಾಲ್ಲೂಕಿನಲ್ಲೋ ಅಲ್ಪಸಂಖ್ಯಾತ ಭಾಷೆಯವರು ಶೇ 15 ಇದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕೆಂಬ ಒಪ್ಪಿತ ನಿಯಮವಿದೆ. ತಾಯ್ನುಡಿಯ ಕಾಲಂನಲ್ಲಿ ಮಗ ಅವಸರಕ್ಕೆ ಒತ್ತಿದ ಭಾಷೆಯೇ ಇಡೀ ಮನೆಯ ಭಾಷೆಯಾದರೆ, ತಳಿ, ಕೆಲಮಂಗಲ, ಡೆಂಕಣಿಕೋಟೆ, ಅಂಚೆಟ್ಟಿಯ ಕನ್ನಡಿಗರೂ ತೆಲುಗರೂ ಆ ಹಕ್ಕನ್ನು ಕೇಳಲು ಬೇಕಾದ ಅಂಕಿಯನ್ನೇ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಕೃಷ್ಣಗಿರಿ ಜಿಲ್ಲಾಡಳಿತ ಈ ಭಾಗಕ್ಕೆ ಕನ್ನಡ, ತೆಲುಗು ಬಲ್ಲ ಗಣತಿದಾರರನ್ನೇ ಕಳಿಸಲಿ. ಅವರು ಮನೆಯ ಹೆಂಗಸರನ್ನೂ ನೇರವಾಗಿ ಮಾತಾಡಿಸಲಿ. ಪತ್ರಿಕೆಯವರು ಯಾವುದೇ ಆನ್‌ಲೈನ್ ಸಮೀಕ್ಷೆಯ ಸುದ್ದಿ ಹಾಕುವಾಗ ನಡೆಸಿದವರು ಯಾರು, ಹಣ ಯಾರದು, ಉತ್ತರಿಸಿದವರನ್ನು ಹೇಗೆ ಹುಡುಕಿದರು, ಯಾವ ಭಾಷೆಯಲ್ಲಿ ಕೇಳಿದರು ಎಂಬುದನ್ನು ಸುದ್ದಿಯ ಮೊದಲ ಪ್ಯಾರಾದಲ್ಲೇ ಕೊಡಲಿ. ತಾವಾಗಿ ಬಂದು ಉತ್ತರಿಸಿದವರ ಲೆಕ್ಕವಾದರೆ ತಲೆಬರಹದಲ್ಲಿ ‘ದೇಶದ ಜನ’ ಎಂಬುದನ್ನು ತೆಗೆದು ‘ಉತ್ತರಿಸಿದವರು’ ಎಂದು ಹಾಕಲಿ.

— ತಳಿಯ ಓದುಗರೊಬ್ಬರು, ಕೃಷ್ಣಗಿರಿ ಜಿಲ್ಲೆ