ಬಂಧ ನೋಡಿದರೆ ಸಾಲದು, ಆಕಾರವನ್ನೂ ನೋಡಿ



"ಬಂಧ ಧ್ರುವೀಯವಾದರೆ ಅಣುವೂ ಧ್ರುವೀಯ" ಅಂತ ನಮ್ಮಲ್ಲಿ ಬಹಳ ಜನ ಬಾಯಿಪಾಠ ಮಾಡಿಕೊಂಡಿದ್ದಾರೆ. ಇದು ಅರ್ಧ ಸತ್ಯ. ಸಹವೇಲೆನ್ಸಿ ಬಂಧದಲ್ಲಿ ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ. ಒಂದು ಜಾಸ್ತಿ ಎಳೆದರೆ ಅದರ ಕಡೆ ಸ್ವಲ್ಪ ಋಣ, ಇನ್ನೊಂದರ ಕಡೆ ಸ್ವಲ್ಪ ಧನ. ಆದರೆ ಇಡೀ ಅಣುವಿನ ತೀರ್ಪು ಹೇಳೋದು ಅದರ ಆಕಾರ.

ಹಗ್ಗಜಗ್ಗಾಟವನ್ನೇ ನೋಡಿ. ಕಾರ್ಬನ್ ಡೈಆಕ್ಸೈಡಿನ ಎರಡು ಆಕ್ಸಿಜನ್‌ಗಳು ಕಾರ್ಬನ್ನಿನ ಆಚೆ ಈಚೆ ನೇರವಾಗಿ ನಿಂತು ಸಮನಾಗಿ ಎಳೆಯುತ್ತವೆ. ಯಾರೂ ಗೆಲ್ಲೋದಿಲ್ಲ, ಅಣು ಅಧ್ರುವೀಯ. ನೀರಿನ ಅಣುವೋ ಬಾಗಿದೆ, ಎರಡು ಬಂಧಗಳ ನಡುವಿನ ಕೋನ 104.5 ಡಿಗ್ರಿ. ಅಲ್ಲಿ ಎಳೆತಗಳು ಒಂದನ್ನೊಂದು ಕಳೆದುಹಾಕುವುದಿಲ್ಲ. ಆಕ್ಸಿಜನ್ ಕಡೆ ಋಣ, ಹೈಡ್ರೋಜನ್ ಕಡೆ ಧನ ಉಳಿದೇ ಉಳಿಯುತ್ತದೆ.

ಇದರಿಂದ ನಮಗೇನು ಅಂತೀರಾ? ಉಪ್ಪು ನೀರಿನಲ್ಲಿ ಕರಗುತ್ತದೆ, ಕಡಲೆಕಾಯಿ ಎಣ್ಣೆಯಲ್ಲಿ ತಳ ಸೇರುತ್ತದೆ. ನೀರು ಧ್ರುವೀಯವಾದ್ದರಿಂದ ಅಯಾನುಗಳನ್ನು ಸುತ್ತುವರಿದು ಹಿಡಿದುಕೊಳ್ಳುತ್ತದೆ. ಕಲ್ಲಿನೊಳಗಿನ ಫ್ಲೋರೈಡೂ ಹಾಗೆಯೇ ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿಗೆ ಸೇರಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ, ಮೂಳೆಗೆ ನೋವು. "ಕುದಿಸಿದರೆ ಸರಿಹೋಗುತ್ತೆ" ಅನ್ನೋರಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅದರ ಸಾಂದ್ರತೆ ಇನ್ನೂ ಏರುತ್ತದೆ. ಆದ್ದರಿಂದ ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ನನ್ನ ಅಭಿಪ್ರಾಯ ಇಷ್ಟೇ: ಈ ಪಾಠವನ್ನು ಕೈಯಿಂದ ಕಲಿಯೋಣ. ಜೇಡಿಮಣ್ಣಿನ ಉಂಡೆ, ಪೊರಕೆಕಡ್ಡಿ ಸಾಕು, ಕಾಸು ಖರ್ಚಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಮಾಡಿ. ನಾಲ್ಕು ಮೂಲೆಗೆ ನಾಲ್ಕು ಕ್ಲೋರಿನ್, ಅಧ್ರುವೀಯ. ಒಂದನ್ನು ತೆಗೆದು ಹೈಡ್ರೋಜನ್ ಚುಚ್ಚಿ; ಕ್ಲೋರೋಫಾರ್ಮ್ ಆಯಿತು, ಸಮಮಿತಿ ಮುರಿಯಿತು, ಅಣು ಧ್ರುವೀಯವಾಯಿತು! ಹತ್ತು ಸಲ ಓದಿದರೂ ತಲೆಗೆ ಹೋಗದ್ದು ಒಂದು ಸಲ ಮಾಡಿದರೆ ಹೋಗುತ್ತದೆ.

ಪರೀಕ್ಷೆಗೆ ಬಾಯಿಪಾಠವೇ ಸಾಕು ಅನ್ನುವವರಿಗೆ ಒಂದು ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಎಂದು ಜೀವನವಿಡೀ ಸಾರಿದರು. ಅವರ ಸೀಮೆಯ ಮಕ್ಕಳು ನಾವು, "ಯಾಕೆ?" ಅಂತ ಕೇಳಲು ಹೆದರಬಾರದು.

ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದು ಕೊಡಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ