ಮಗುವಿನ ಬಟ್ಟಲಿಗೆ ಬಾರದ ಊಟ

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಕಿಲ್ಲ. ಆಮೇಲೆ ಎದೆಹಾಲಿನ ಜೊತೆಗೆ ಮೇಲಿನ ಆಹಾರ ಶುರುವಾಗಬೇಕು. ಕನಿಷ್ಠ ಎರಡು ವರ್ಷದವರೆಗೆ ಎರಡೂ ಒಟ್ಟಿಗೆ ಸಾಗಬೇಕು. ಈ ಒಂದೂವರೆ ವರ್ಷದ ಊಟವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಎಂಟು ಗುಂಪುಗಳನ್ನು ಹೆಸರಿಸಿದೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಕಡಲೆಬೀಜದಂಥವು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಎ ಜೀವಸತ್ವ ಹೆಚ್ಚಿರುವ ಸೊಪ್ಪು ಹಣ್ಣುಗಳು, ಉಳಿದ ತರಕಾರಿ ಹಣ್ಣುಗಳು. ದಿನವೊಂದರಲ್ಲಿ ಇವುಗಳ ಪೈಕಿ ಐದಾದರೂ ಮಗುವಿನ ಹೊಟ್ಟೆಗೆ ಹೋಗಬೇಕು.

ಹೋಗುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವೈವಿಧ್ಯ ಮತ್ತು ಊಟದ ಸಲ ಎರಡರಲ್ಲೂ ಸಾಕೆನಿಸುವ ಆಹಾರ ಸಿಗುತ್ತಿದ್ದುದು ದೇಶದ 6ರಿಂದ 23 ತಿಂಗಳ ಮಕ್ಕಳಲ್ಲಿ ನೂರಕ್ಕೆ 11ರಷ್ಟು ಮಕ್ಕಳಿಗೆ ಮಾತ್ರ. ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮೂವರಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇತ್ತು.

ಬಡತನ ಇದಕ್ಕೆ ಕಾರಣವೇ. ಆದರೆ ಉಳ್ಳವರ ಮನೆಗಳಲ್ಲೂ ಸಾಕಷ್ಟು ಆಹಾರ ಪಡೆಯುವ ಮಕ್ಕಳು ಕಡಿಮೆಯೇ. ಮನೆಯಲ್ಲಿರುವುದೆಲ್ಲ ಮಗುವಿನ ಬಟ್ಟಲಿಗೆ ಬರುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಹಳೇ ಮೈಸೂರಿನ ಬಸ್ಸಾರನ್ನೇ ನೋಡಬಹುದು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಬೆಂದ ಸೊಪ್ಪು ಕಾಳು ಪಲ್ಯವಾಗುತ್ತದೆ. ಪಲ್ಯ ದೊಡ್ಡವರ ತಟ್ಟೆಗೆ ಬೀಳುತ್ತದೆ. ಮಗುವಿಗೆ ಅನ್ನದ ಮೇಲೆ ತಿಳಿಸಾರು. ಬೇಳೆಯ ಕಟ್ಟಿನದೂ ಇದೇ ಕತೆ. ಖಾರ ಹಾಕುವ ಮುಂಚೆ ಒಂದು ಹಿಡಿ ಕಾಳು ಸೊಪ್ಪನ್ನು ತೆಗೆದು ಕಿವುಚಿ, ತುಪ್ಪ ಬೆರೆಸಿದರೆ ಖರ್ಚಿಲ್ಲದೆ ಎರಡು ಗುಂಪು ಕೂಡುತ್ತವೆ. ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ ಎಂಬ ಮಾತು ಇನ್ನೆರಡನ್ನು ತಪ್ಪಿಸುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಹಸಿವನ್ನು ಮುಚ್ಚುತ್ತದೆ. ಚಹಾ ಇತರ ಆಹಾರದ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ.

ಹಾಗೆಂದು ಹಳ್ಳಿಯ ತಿಳಿವಳಿಕೆಯನ್ನೆಲ್ಲ ಮೌಢ್ಯವೆಂದು ತಳ್ಳುವುದು ಅನ್ಯಾಯ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುವ ಸರಿಹಿಟ್ಟಿನ ಹಿಂದೆ ಗಟ್ಟಿ ವಿಜ್ಞಾನವಿದೆ. ಏಳೆಂಟು ತಿಂಗಳ ಮಗುವಿನ ಹೊಟ್ಟೆ ಒಮ್ಮೆಗೆ ಒಂದು ಲೋಟದಷ್ಟನ್ನೂ ಹಿಡಿಯುವುದು ಕಷ್ಟ. ಬರೀ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದರಿಂದ ನೀರು ಹೆಚ್ಚು ಬೇಕು, ಹಿಟ್ಟು ಕಡಿಮೆ ಹಿಡಿಸುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ಸಡಿಲವಾಗಿಡುತ್ತದೆ. ಹಾಗಾಗಿ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ. ಖನಿಜಗಳನ್ನು ಹಿಡಿದಿಡುವ ಫೈಟೇಟ್ ಕೂಡ ಮೊಳಕೆಯಿಂದ ಇಳಿಯುತ್ತದೆ. ರಾಗಿಯ ಸುಣ್ಣದಂಶವಂತೂ ಅಕ್ಕಿ ಗೋಧಿಗಳಿಗೆ ಎಟುಕದಷ್ಟು. ಆದರೂ ದಿನವಿಡೀ ಸರಿಯೊಂದನ್ನೇ ಕೊಟ್ಟರೆ ಎಂಟರಲ್ಲಿ ಒಂದು ಗುಂಪಷ್ಟೇ ಆಯಿತು.

ಇಷ್ಟನ್ನು ತಾಯಂದಿರಿಗೆ ಹೇಳಿಕೊಟ್ಟರೆ ಮುಗಿಯಿತೆಂದು ಅನೇಕ ಕಾರ್ಯಕ್ರಮಗಳು ನಂಬಿವೆ. ಆ ನಂಬಿಕೆ ಅರ್ಧ ಸರಿ. ಒಂಬತ್ತು ತಿಂಗಳ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ, ಪಕ್ಕದಲ್ಲಿ ಕೂತು, ಪುಸಲಾಯಿಸಿ ಉಣಿಸಬೇಕು. ಬೆಳಗ್ಗೆ ಕಳೆ ಕೀಳಲು ಹೋಗಿ ಸಂಜೆ ಬರುವ ಕೂಲಿ ತಾಯಿಗೆ ಆ ಹೊತ್ತು ಎಲ್ಲಿಂದ ಬರಬೇಕು? ಮನೆಯಲ್ಲಿ ಉಳಿಯುವ ಅಜ್ಜಿಗೆ, ಎಂಟು ವರ್ಷದ ಅಕ್ಕನಿಗೆ ಬಿಸ್ಕತ್ತೇ ಸುಲಭ. ಮಕ್ಕಳಲ್ಲಿ ಅಂಗನವಾಡಿಯ ಬಿಸಿಯೂಟ, ಮೊಟ್ಟೆ ಸಾಮಾನ್ಯವಾಗಿ ಸಿಗುವುದು ಮೂರು ವರ್ಷ ದಾಟಿದವರಿಗೆ. ಅದಕ್ಕಿಂತ ಚಿಕ್ಕವರ ಪಾಲು ಪೊಟ್ಟಣದಲ್ಲಿ ಮನೆಗೆ ಹೋಗಿ ಎಲ್ಲರಲ್ಲೂ ಹಂಚಿಹೋಗುತ್ತದೆ. ಅತಿ ಹೆಚ್ಚು ಕಾಳಜಿ ಬೇಕಾದ ವಯಸ್ಸೇ ಹೀಗೆ ವ್ಯವಸ್ಥೆಯ ಕೈಯಿಂದ ಜಾರಿದೆ.

ಉದ್ಯೋಗ ಖಾತರಿ ಕೆಲಸಕ್ಕೆ ಬರುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಕರ್ನಾಟಕ 2023ರಲ್ಲಿ ಘೋಷಿಸಿದ ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ಈ ಕೊರತೆಗೆ ನೇರವಾಗಿ ಕೈಹಾಕುವ ಯೋಜನೆ. ಅದರ ಬೆಲೆ ತಿಳಿಯುವುದು ಗೋಡೆಯ ಬಣ್ಣದಿಂದಲ್ಲ, ಎರಡು ವಿಷಯಗಳಿಂದ: ನಾಟಿ, ಕೊಯ್ಲಿನ ದಿನಗಳಲ್ಲಿ ತಾಯಿ ಹೊಲಕ್ಕೆ ಹೊರಡುವ ಮೊದಲೇ ಅದು ಬಾಗಿಲು ತೆರೆಯುತ್ತದೆಯೇ, ಮತ್ತು ಅಲ್ಲಿನ ಆರೈಕೆದಾರೆಗೆ ಒಂದೊಂದೇ ಮಗುವನ್ನು ಕೂರಿಸಿಕೊಂಡು ಉಣಿಸುವಷ್ಟು ಜನಬಲ, ತಿಂಗಳು ತಿಂಗಳು ತಪ್ಪದ ಸಂಬಳ ಇದೆಯೇ.